ಮೂರೂವರೆ ಗಂಟೆಯ ಕರೆ

ದಬ್ಬೇಘಟ್ಟ
9 ಏಪ್ರಿಲ್ 2025

ಕರಿಬಸವಯ್ಯನವರಿಗೆ,

ನಿಮ್ಮ ಜೊತೆ ಮಾತಾಡುವುದಿಲ್ಲ ಎಂದು ಆಣೆ ಹಾಕಿದ್ದೆ, ಬರೆಯುವುದಿಲ್ಲ ಎಂದು ಹಾಕಿರಲಿಲ್ಲ. ನಿಮ್ಮ ಅಳಿಯಂದಿರ ಹನ್ನೊಂದನೆಯ ದಿನದ ಕಾರ್ಯದಲ್ಲಿ ಅಷ್ಟು ಜನರ ಮುಂದೆ ಹೊಟ್ಟೆಯ ಮೇಲೆ ಕೈಯಿಟ್ಟು, "ಅಪ್ಪನ ಜೊತೆ ಇನ್ನೊಂದು ಮಾತಾಡಿದರೆ ಈ ಮಗು ನನಗೆ ದಕ್ಕದೆ ಹೋಗಲಿ" ಎಂದವಳು ನಾನೇ. ಆ ಮಗುವಿಗೆ ಈಗ ಮೂರು ತಿಂಗಳು ದಾಟಿತು. ಹಾಗಾಗಿ ಫೋನು ಮಾಡಲಾರೆ. ಅಮ್ಮನ ಕೈಲಿ ಹೇಳಿ ಕಳಿಸಿದರೆ ಅರ್ಧ ಅಳುತ್ತಾಳೆ, ಅರ್ಧ ಮರೆಯುತ್ತಾಳೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ಗ್ಯಾರೇಜಿನವರು ಕಾರು ರಿಪೇರಿ ಮಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಮಗುವನ್ನು ಲಸಿಕೆಗೆ, ಡಾಕ್ಟರ ಹತ್ತಿರಕ್ಕೆ ಅಂತ ತುರುವೇಕೆರೆಗೆ ಕರೆದುಕೊಂಡು ಹೋಗಬೇಕು. ಡ್ರೈವಿಂಗು ನಮ್ಮ ಮನೆಯವರೇ ಕಲಿಸಿದ್ದು, ಓಡಿಸಬಲ್ಲೆ. ಆದರೆ ಬಾಗಿಲು ತೆಗೆದರೆ ಡ್ಯಾಶ್‌ಬೋರ್ಡಿನ ಕೆಳಗೆ ನೀವೂ ಅವರೂ ಸೇರಿ ಕೂರಿಸಿದ ಹ್ಯಾಮ್ ರೇಡಿಯೊ ಕಾಣುತ್ತದೆ. ಅದನ್ನು ನೋಡಿಕೊಂಡು ನಾನು ಗೇರ್ ಹಾಕಲಾರೆ. ರೇಡಿಯೊದ ಲೈಸೆನ್ಸು ಅವರ ಜೊತೆಗೇ ಮುಗಿಯಿತು, ನನಗಂತೂ ಇಲ್ಲ. ಅದು ಇನ್ನು ಈ ಕಾರಿನಲ್ಲಿ ಇರುವುದಕ್ಕೆ ಕಾರಣವೂ ಇಲ್ಲ.

ಹೇಗೆ ಬಿಚ್ಚಬೇಕು ಎಂದು ಬರೆದು ಕಳಿಸಿ. ಬೇರೆ ಏನನ್ನೂ ಬರೆಯಬೇಕಾಗಿಲ್ಲ.

ಮಗು ಚೆನ್ನಾಗಿದೆ. ಅಂದರೆ ಡಾಕ್ಟರು ಹಾಗನ್ನುತ್ತಾರೆ. ಅದು ನಿದ್ದೆ ಮಾಡಿದರೆ ನಾನು ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಿರುತ್ತೇನೆ. ಅತ್ತೆ ಬೈಯುತ್ತಾರೆ.

ನಿಸರ್ಗ ದಯಾನಂದ್


ತಿಪಟೂರು
15 ಏಪ್ರಿಲ್ 2025

ಚಿ.            ನಿಸರ್ಗಳಿಗೆ,

ಆಶೀರ್ವಾದಗಳು. ನಿನ್ನ ಕಾಗದ ಅಂಗಡಿಗೆ ಬಂತು. ಪೋಸ್ಟ್‌ಮ್ಯಾನ್ ತಿಮ್ಮರಾಜು, "ಏನ್ ಸ್ವಾಮಿ, ಕೈಬರಹದ ಕಾಗ್ದ! ನಾನು ಇಂಥದ್ನ ಕೊಟ್ಟೇ ವರ್ಸ ಆಗಿತ್ತು" ಎಂದು ಕೊಟ್ಟು ಹೋದ. ಕೈಯಲ್ಲಿದ್ದ ರಿಪೇರಿ ಅಲ್ಲೇ ಬಿಟ್ಟು ಓದಿದೆ.

ಕೇಳಿದ್ದಕ್ಕೆ ಉತ್ತರ. ಮೊದಲು ಕಾರಿನ ಬ್ಯಾಟರಿಯ ಕಪ್ಪು ತಂತಿ ಬಿಚ್ಚಬೇಕು. ಬ್ಯಾಟರಿಯಿಂದ ರೇಡಿಯೊ ಸೆಟ್ಟಿಗೆ ನೇರವಾಗಿ ಎರಡು ದಪ್ಪ ತಂತಿ ಎಳೆದಿದ್ದೇವೆ, ಎರಡಕ್ಕೂ ಫ್ಯೂಸ್ ಇದೆ. ಸೆಟ್ಟು ನಿಂತಿರುವುದು ನಾಲ್ಕು ಸ್ಕ್ರೂಗಳ ಮೇಲೆ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಯಾರ ಕೈಲೂ ಮಾಡಿಸಬೇಡ. ಆಂಟೆನಾದ ಕೇಬಲ್ಲು ಹಿಂಬಾಗಿಲ ಕಡೆಯಿಂದ ಒಳಗೆ ಬಂದಿದೆ, ಅದಕ್ಕೆ ಮಾತ್ರ ಕೈ ಹಾಕಿಸಲೇಬೇಡ. ನಾನೇ ಬಂದು ಬಿಚ್ಚಿಕೊಂಡು ಹೋಗುತ್ತೇನೆ. ನೀನು ಹೊರಗೆ ಬರಬೇಕಿಲ್ಲ, ಮಾತೂ ಬೇಡ. ಅರ್ಧ ಗಂಟೆಯ ಕೆಲಸ.

ಯಾವ ದಿನ ಬರಲಿ ಎಂದು ಒಂದು ಸಾಲು ಬರೆ.

ಮಗುವಿನ ಉಸಿರು ನೋಡುತ್ತ ಕೂರಬೇಡ. ನೀನೂ ಹಾಗೇ ಮಲಗುತ್ತಿದ್ದೆ, ಉಸಿರಾಡುತ್ತಿದ್ದೀಯೋ ಇಲ್ಲವೋ ಅನ್ನುವ ಹಾಗೆ.

ಇಂತು ಆಶೀರ್ವಾದಗಳೊಂದಿಗೆ,
ಕರಿಬಸವಯ್ಯ


ದಬ್ಬೇಘಟ್ಟ
3 ಮೇ 2025

ಕರಿಬಸವಯ್ಯನವರಿಗೆ,

ನೀವು ಬರುವುದು ಬೇಡ.

ಹೋದ ಕಾಗದದಲ್ಲಿ 'ಚಿ.' ಆದ ಮೇಲೆ ಎರಡಕ್ಷರದಷ್ಟು ಜಾಗ ಬಿಟ್ಟಿದ್ದೀರಿ. ಮದುವೆಯಾದ ಮೇಲೆ ಅಲ್ಲಿ 'ಸೌ.' ಎಂದು ಬರೆಯುತ್ತಿದ್ದಿರಿ. ಈಗ ಬರೆಯಲಾರಿರಿ ಸರಿ, ಆದರೆ ಜಾಗ ಯಾಕೆ ಬಿಟ್ಟಿರಿ? ಅದನ್ನೇ ನೋಡುತ್ತ ನಿಂತು, ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಆ ಭಾನುವಾರ ನೆನಪಾಗುತ್ತದೆ. ಹೋದ ವರ್ಷ ಜುಲೈ. ನೀವು ಬೆಳಗಿನ ಬಸ್ಸಿಗೇ ಚೀಲ ಹೊತ್ತುಕೊಂಡು ಬಂದಿರಿ. ಅವರಿಗೆ ಲೈಸೆನ್ಸ್ ಪರೀಕ್ಷೆಗೆ ಪಾಠ ಹೇಳಿದ್ದೂ ನೀವೇ, ಲೈಸೆನ್ಸಿನ ಜೊತೆ ರೇಡಿಯೊದಲ್ಲಿ ಹೇಳಿಕೊಳ್ಳುವ ಕರೆಸಂಕೇತ ಬಂದ ದಿನ ಪೇಡಾ ಹಂಚಿದ್ದೂ ನೀವೇ. ಮಾವ ಅಳಿಯ ಇಬ್ಬರೂ ಕಾರಿನ ಕೆಳಗೆ ಮಲಗಿ ತಂತಿ ಎಳೆಯುತ್ತಿದ್ದರೆ, ಹೊರಗೆ ಕಾಣುತ್ತಿದ್ದದ್ದು ನಾಲ್ಕು ಕಾಲು ಮಾತ್ರ. "ಕಾರಿನ ತಗಡೇ ಆಂಟೆನಾಕ್ಕೆ ನೆಲ ಇದ್ದಂಗೆ ಕಣಪ್ಪ, ನಟ್ಟ ನಡುವೆ ಕೂರಬೇಕು" ಎಂದು ನೀವು ಒಳಗಿನಿಂದಲೇ ಪಾಠ ಮಾಡುತ್ತಿದ್ದಿರಿ. ಕೊನೆಗೆ ಆಂಟೆನಾ ಮೇಲೆದ್ದಾಗ ಪಕ್ಕದ ತೋಟದ ರಂಗಪ್ಪ ಬೇಲಿಯಾಚೆಯಿಂದ, "ಏನ್ಲಾ ದಯಾ, ಎಲ್ಲಾರ್ಗೂ ಬಾಲ ಹಿಂದ್ಗಡೆ ಇದ್ರೆ ನಿನ್ ಕಾರಿಗೆ ನೆತ್ತಿ ಮೇಲೈತಲ್ಲ" ಅಂದ. ಅವರು, "ದೃಷ್ಟಿ ಆಗ್ದೆ ಇರ್ಲಿ ಅಂತ ಕಣಣ್ಣ" ಅಂದರು.

ಕಂದಿಕೆರೆ ಕಡೆ ಗುಡ್ಡದ ತೋಟಗಳಿಗೆ ಹನಿ ನೀರಾವರಿ ಪೈಪು ಹಾಕಿಸಲು ಅವರು ವಾರಕ್ಕೆ ನಾಲ್ಕು ದಿನ ಹೋಗಬೇಕಿತ್ತು. ಊರು ದಾಟಿ ಗುಡ್ಡ ಹತ್ತಿದರೆ ಫೋನು ಸಿಗುವುದಿಲ್ಲ. ಬಸುರಿ ಹೆಂಡತಿಗೆ ಗಾಬರಿಯಾಗಬಾರದೆಂದೇ ಈ ರೇಡಿಯೊ. ದಿನಾ ಮಧ್ಯಾಹ್ನ ಮೂರೂವರೆಗೆ ಅವರು ಕಾರಿನಿಂದ ಕರೆಯುವುದು, ನೀವು ತಿಪಟೂರಿನ ಮನೆಯಲ್ಲಿ ಕೇಳಿಸಿಕೊಂಡು ನನಗೆ ಫೋನು ಮಾಡುವುದು: "ಅಳಿಯಂದ್ರು ಸರಿಯಾಗವ್ರೆ, ಊಟ ಮಾಡವ್ವ."

ನವೆಂಬರ್ ಹದಿನಾಲ್ಕರಂದು ಆ ಫೋನು ಬರಲಿಲ್ಲ. ಗುಡ್ಡದ ರಸ್ತೆಯಲ್ಲಿ ಕಾರು ಮೋರಿಯ ಕಲ್ಲಿಗೆ ಬಡಿದು ಅವರ ಕಾಲು ಸಿಕ್ಕಿಕೊಂಡಿತ್ತು. ಸಂಜೆ ಆರಕ್ಕೆ ಕುರಿಯವರು ನೋಡಿದಾಗ ಆಂಟೆನಾ ನೆಟ್ಟಗಿತ್ತು, ಸೆಟ್ಟಿನ ದೀಪ ಉರಿಯುತ್ತಿತ್ತು, ಮೈಕು ಅವರ ಕೈಯಲ್ಲಿತ್ತು. ಒಂದು ಗಂಟೆ ಮೊದಲು ತಂದಿದ್ದರೆ ರಕ್ತ ನಿಲ್ಲಿಸಬಹುದಿತ್ತು ಅಂದರು ಡಾಕ್ಟರು. ಎಲ್ಲ ಸರಿಯಿತ್ತು. ಈ ಕಡೆ ಕೇಳಬೇಕಾದವರು ಮಾತ್ರ ಮಲಗಿದ್ದರು.

ನೀವೇ ಹಾಗೆಂದಿರಿ, ಹನ್ನೊಂದನೆಯ ದಿನ, ಎಲ್ಲರ ಮುಂದೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ದಿನವೂ ಮಧ್ಯಾಹ್ನ ಕಣ್ಣು ಮುಚ್ಚದ ಮನುಷ್ಯ ನೀವು. ಆವತ್ತೇ ಯಾಕೆ? ಇದೊಂದಕ್ಕೆ ಉತ್ತರ ಬರೆಯಿರಿ.

ನಿಸರ್ಗ ದಯಾನಂದ್


ತಿಪಟೂರು
11 ಮೇ 2025

ಚಿ. ನಿಸರ್ಗಳಿಗೆ,

ಆಶೀರ್ವಾದಗಳು. ಊಟ ಭಾರವಾಗಿತ್ತು. ಸೆಟ್ಟು ಆರಿಸಿ ಮಲಗಿದೆ. ಎದ್ದಾಗ ಕತ್ತಲಾಗಿತ್ತು. ಬೇರೆ ಕಾರಣವಿಲ್ಲ.

ನಿನ್ನ ಸಿಟ್ಟು ನ್ಯಾಯವಾದದ್ದು. ಅದನ್ನು ಬಿಡು ಎಂದು ನಾನು ಕೇಳುವುದಿಲ್ಲ. ಕಾರಿನ ಕೆಲಸಕ್ಕೆ ಮಾತ್ರ ನನ್ನನ್ನು ಕರೆ.

ಕರಿಬಸವಯ್ಯ


ದಬ್ಬೇಘಟ್ಟ
22 ಜೂನ್ 2025

ಕರಿಬಸವಯ್ಯನವರಿಗೆ,

ಹೋದ ವಾರ ಮಗುವಿಗೆ ಜ್ವರ ಬಂತು. ಕಾರಿನ ಬೀಗದ ಕೈ ಹಿಡಿದು ಅಂಗಳದಲ್ಲಿ ನಿಂತೆ, ಒಳಗೆ ಕೂರಲಾಗಲಿಲ್ಲ. ಬಸ್ಸಿಗೆ ಕಾದು, ನಿಂತುಕೊಂಡೇ ತುರುವೇಕೆರೆಗೆ ಹೋದೆ. ಮಗು ಎದೆಯ ಮೇಲೆ ಕೆಂಡದ ಹಾಗಿತ್ತು. ಡಾಕ್ಟರು ಸಾಮಾನ್ಯ ಜ್ವರ ಅಂದರು. ನನಗೆ ಸಾಮಾನ್ಯ ಎಂಬುದು ಯಾವುದೂ ಇಲ್ಲ ಈಗ.

ಮೊನ್ನೆ ಅಮ್ಮ ಬಂದಿದ್ದಳು. ಮಗುವಿಗೆ ಎಣ್ಣೆ ಹಚ್ಚುತ್ತ ಹಚ್ಚುತ್ತ, "ಆವತ್ತು ನಿಮ್ಮಪ್ಪ ಊಟಾನೂ ಮಾಡಿರ್ಲಿಲ್ಲ ಕಣೇ, ಮುದ್ದೆ ತಟ್ಟೇಲೇ ಒಣಗಿತ್ತು" ಅಂದಳು. ಅಂದವಳೇ ನಾಲಗೆ ಕಚ್ಚಿಕೊಂಡಳು. ನಾನು ಎಷ್ಟು ಕೇಳಿದರೂ, "ನಂಗೇನೂ ಗೊತ್ತಿಲ್ಲ ಬುಡು" ಅಂದು ನಾಲ್ಕರ ಬಸ್ಸಿಗೇ ಹೊರಟುಹೋದಳು.

ಊಟ ಭಾರವಾಗಿತ್ತು ಎಂದು ಬರೆದಿದ್ದೀರಿ. ಮಾಡದ ಊಟ ಭಾರವಾಗುವುದು ಹೇಗೆ? ಮಲಗಿದ್ದೂ ಸುಳ್ಳಾದರೆ, ಎಲ್ಲಿಗೆ ಹೋಗಿದ್ದಿರಿ? ಮಗಳಿಗೆ ಹೇಳಲಾಗದಂಥ ಯಾವ ಕೆಲಸ ಅದು?

ಸತ್ತವರ ವಿಷಯದಲ್ಲೂ ಸುಳ್ಳು ಹೇಳುವವರಿಂದ ನನಗೆ ಇನ್ನೇನೂ ಬೇಕಿಲ್ಲ. ಬರುವ ಭಾನುವಾರ ಮೆಕ್ಯಾನಿಕ್ ಕಲ್ಲೇಶ್ ಬಂದು ರೇಡಿಯೊ ಬಿಚ್ಚುತ್ತಾನೆ.

ನಿಸರ್ಗ


ತಿಪಟೂರು
26 ಜೂನ್ 2025

ಮಗ,

ಕಲ್ಲೇಶನಿಗೆ ಬರಬೇಡ ಅನ್ನು. ಕೈಮುಗಿದು ಕೇಳುತ್ತೇನೆ. ಒಂದು ವಾರ ತಡಿ, ನಾನು ಬರುತ್ತೇನೆ. ನೀನು ಮಗುವನ್ನು ಎತ್ತಿಕೊಂಡು ರಂಗಪ್ಪನ ಮನೆಗೆ ಹೋಗಿರು, ನನ್ನ ಮುಖ ನೋಡಬೇಡ. ಆ ಕೇಬಲ್ಲನ್ನು ಬೇರೆಯವರು ತೆಗೆಯುವುದು ಬೇಡ.

ಅಪ್ಪ


ದಬ್ಬೇಘಟ್ಟ
6 ಜುಲೈ 2025

ಅಪ್ಪ,

ನಿಮ್ಮ ಕಾಗದ ಸೋಮವಾರ ತಲುಪಿತು. ಕಲ್ಲೇಶ್ ಭಾನುವಾರವೇ ಬಂದು ಹೋಗಿದ್ದ.

ಸೆಟ್ಟು ಬಿಚ್ಚುವುದು ಐದು ನಿಮಿಷದ ಕೆಲಸವಾಯಿತು. ಅತ್ತೆ ಅವನಿಗೆ ಕಾಫಿ ತಂದುಕೊಟ್ಟರು. ಆಮೇಲೆ ಅವನು ಹಿಂಬಾಗಿಲು ತೆಗೆದು, ಬಗ್ಗಿ ನೋಡಿ, "ಅಕ್ಕ, ಒಸಿ ಬನ್ನಿ ಇಲ್ಲಿ" ಅಂದ. "ಇದ್ಯಾರು ಹಿಂಗ್ ಕೂರ್ಸಿರೋದು? ಟಾಪ್‌ಗೆ ಒಂದು ತೂತು ಹೊಡ್ದು ಕೇಬಲ್ ಇಳಿಸಿದ್ರೆ ಕಾರು ಗುಜರಿಗೆ ಹೋಗೋಗಂಟ ಇರ್ತಿತ್ತು. ಇದು ನೋಡಿ, ಬಾಗ್ಲು ಸಂದೀಲಿ ತೂರ್ಸವ್ರೆ. ಬಾಗ್ಲು ಹಾಕ್ದಾಗೆಲ್ಲ ಹಲ್ಲಲ್ಲಿ ಕಚ್ದಂಗೆ ಕಚ್ಚೈತೆ."

"ಆಕ್ಸಿಡೆಂಟಲ್ಲಿ ಆಗಿದ್ದಿರಬೇಕು" ಅಂದೆ.

"ಇಲ್ಲ ಕಣಕ್ಕ. ಪೆಟ್ಟು ಬಿದ್ದಿರೋದು ಮುಂದಕ್ಕೆ, ಹಿಂದಿನ ಬಾಗ್ಲಿಗೆ ಒಂದು ಗೀರೂ ಇಲ್ಲ. ಇದು ತಿಂಗಳುಗಟ್ಲೆ ಜಗಿದಿರೋದು. ಯಾರೋ ಮೂರು ಸಲ ಟೇಪು ಸುತ್ತವ್ರೆ, ಒಂದ್ರ ಮೇಲೊಂದು. ಒಳಗೆ ತಾಮ್ರ ತುಂಡಾಗೈತೆ. ಇದ್ರಲ್ಲಿ ಎಷ್ಟು ಕೂಗಿದ್ರೂ ಆಚೆಗೆ ಹೋಗ್ತಿರ್ಲಿಲ್ಲ ಬುಡಿ."

ಅವನಿಗೆ ಏನು ಗೊತ್ತು ಪಾಪ. ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದ.

ಅಪ್ಪ, ಆ ಭಾನುವಾರದ ಬಗ್ಗೆ ನಿಮಗೆ ಬರೆದಾಗ ಒಂದು ವಿಷಯ ಬಿಟ್ಟಿದ್ದೆ. ಬೇಕೆಂದು ಬಿಟ್ಟಿದ್ದಲ್ಲ. ನನಗೆ ನೆನಪೇ ಇರಲಿಲ್ಲ. ನಂಬುವಂಥ ಮಾತಾ ಇದು? ಕಲ್ಲೇಶ್ 'ತೂತು' ಅಂದ ಮೇಲೆ ಎಲ್ಲ ಒಟ್ಟಿಗೇ ಬಂತು.

ನೀವು ಕಾರಿನ ತಲೆಯ ನಡುವೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡ್ರಿಲ್ಲಿಂಗ್ ಮೆಷೀನು ಕೈಗೆ ತೆಗೆದುಕೊಂಡಿದ್ದಿರಿ. ನಾನು ಒಳಗಿನಿಂದ ಓಡಿ ಬಂದೆ. ಬಸುರಿಯ ಗಂಡ ಮನೆಯ ವಸ್ತುವಿಗೆ ತೂತು ಕೊರೆಯಬಾರದು, ಕಾಯಿ ಒಡೆಯಬಾರದು, ಹೊಟ್ಟೆಯಲ್ಲಿರುವುದಕ್ಕೆ ತಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದದ್ದನ್ನು ಹಿಡಿದು ಕೂತೆ. ಬಿ.ಎಸ್ಸಿ. ಓದಿದವಳು. ಮೊದಲನೆಯದು ಮೂರು ತಿಂಗಳಿಗೇ ಹೋಗಿತ್ತಲ್ಲ, ಇದಕ್ಕೂ ಮೂರು ತುಂಬಿತ್ತು. ಅತ್ತೆ ನಕ್ಕೇಬಿಟ್ಟರು: "ನಿಮ್ಮಾವ ದಯಾ ಹೊಟ್ಟೇಲಿದ್ದಾಗ ಬೋರ್‌ವೆಲ್ಲನ್ನೇ ಕೊರೆಸಿದ್ರು ಕಣವ್ವ, ಇನ್ನೂರು ಅಡಿ! ಮಗ ಗುಂಡುಕಲ್ಲಿನಂಗೆ ಹುಟ್ದ." ಆದರೂ ನಾನು ಕೇಳಲಿಲ್ಲ. ಅತ್ತುಬಿಟ್ಟೆ. ಕಾರಿನ ಮುಂದೆ ನಿಂತು, "ಕೊರೆದರೆ ನಾನು ಈ ಕಾರಿಗೆ ಹತ್ತೋದಿಲ್ಲ" ಅಂದೆ.

ಅವರು, "ಆಯ್ತು ಬುಡು ಕಣೇ, ಮಗು ಬರ್ಲಿ. ಅಲ್ಲೀಗಂಟ ಅಯಸ್ಕಾಂತದ ಬಿಲ್ಲೆ ಮೇಲೆ ಕೂರಿಸ್ತೀವಿ, ಕೇಬಲ್ ಬಾಗ್ಲಲ್ಲಿ ಬರ್ಲಿ" ಅಂದರು. ನೀವು ಮೆಷೀನನ್ನು ಚೀಲಕ್ಕೆ ಹಾಕಿದಿರಿ. ಒದ್ದೆ ಬಟ್ಟೆಯಲ್ಲಿ ಸೀಮೆಸುಣ್ಣದ ಗುರುತು ಒರೆಸಿದಿರಿ.

ಆ ಮೂರು ಸುತ್ತು ಟೇಪು ಅವರು ಸುತ್ತಿದ್ದು. ನನಗೆ ಹೇಳಲಿಲ್ಲ. ಹೇಳಿದರೆ ನಾನು ನಿದ್ದೆ ಬಿಡುತ್ತೇನೆ ಅಂತ.

ನೀವು ಮಲಗಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ. ಸೆಟ್ಟಿನ ಮುಂದೆಯೇ ಕೂತಿದ್ದಿರಿ, ಅಲ್ಲವೇ? ತಪ್ಪು ಯಾರದು ಎಂದು ನನಗೆ ತಿಳಿಯಬಾರದೆಂದು ಎಂಟು ತಿಂಗಳು ನನ್ನ ಕೈಲಿ ಬೈಸಿಕೊಂಡಿರಿ. ಮೊಮ್ಮಗಳ ಮುಖ ನೋಡದೆ ಇದ್ದಿರಿ.

ಅಪ್ಪ, ನಿಮ್ಮನ್ನು ದ್ವೇಷಿಸುವುದೊಂದು ನನಗೆ ಆಸರೆಯಾಗಿತ್ತು. ಬೆಳಗ್ಗೆ ಎದ್ದು ನಿಲ್ಲುವುದಕ್ಕೆ ಅಷ್ಟು ಸಾಕಾಗುತ್ತಿತ್ತು. ಈಗ ಅದನ್ನೂ ಕಿತ್ತುಕೊಂಡ ಹಾಗಾಯಿತು. ಯಾರ ಮೇಲೆ ಸಿಟ್ಟು ಮಾಡಿಕೊಂಡು ಏಳಲಿ?

ನಿಜ ಬರೆಯಿರಿ. ಈ ಸಲ ಪೂರ್ತಿ.

ನಿಸರ್ಗ


ತಿಪಟೂರು
13 ಜುಲೈ 2025

ಮಗ,

ಪೂರ್ತಿ ಬರೆಯುತ್ತೇನೆ. ಆಮೇಲೆ ನೀನು ಸಿಟ್ಟು ಮಾಡುವುದಕ್ಕೆ ಕಾರಣ ಸಿಕ್ಕರೂ ಸಿಗಬಹುದು.

ನವೆಂಬರ್ ಮೊದಲ ವಾರದಿಂದಲೇ ದಯಾನಂದನ ದನಿ ಹರಿದು ಹರಿದು ಬರುತ್ತಿತ್ತು. "ಕೇಬಲ್ ಹೋಗಿದೆ ಕಣಪ್ಪ, ತಂದು ತೋರಿಸು, ಬದಲಾಯಿಸ್ತೀನಿ" ಎಂದು ನಾನು ಹೇಳುವುದು, "ಟೇಪ್ ಸುತ್ತಿದೀನಿ ಮಾವ, ಮಗು ಹುಟ್ಟಿದ ಮೇಲೆ ಮೇಲಿಂದಲೇ ಇಳಿಸೋಣ" ಎಂದು ಅವನು ಹೇಳುವುದು. ಹೊಸ ಕೇಬಲ್ಲು ಅಂಗಡಿಯಲ್ಲೇ ಇತ್ತು. ಬಸ್ಸು ಹತ್ತಿ ತಂದು ಹಾಕಬಹುದಿತ್ತು. ನಾಳೆ ನಾಡಿದ್ದು ಅಂತ ಬಿಟ್ಟೆ.

ಆ ದಿನ ಮೂರೂವರೆಗೆ ಮಾತು ಬರಲಿಲ್ಲ. ಮೂರೂ ಮುಕ್ಕಾಲಿರಬೇಕು, ಸೆಟ್ಟಿನಲ್ಲಿ ಒಮ್ಮೆ ಖರ್ ಎಂದು ಸದ್ದು ಎದ್ದು ನಿಂತಿತು. ಮತ್ತೆ ಎದ್ದಿತು. ಮೈಕಿನ ಗುಂಡಿ ಯಾರೋ ಒತ್ತಿ ಬಿಟ್ಟ ಸದ್ದು, ಮಾತಿಲ್ಲ. ಅವನೇ ಎಂದು ನನಗೆ ಗೊತ್ತು. ಐದು ಗಂಟೆಯವರೆಗೂ ಹಾಗೇ ಬರುತ್ತ ಇತ್ತು, ನಡುನಡುವೆ ಬಹಳ ಹೊತ್ತು ಬಿಟ್ಟು. ನಾನು ಎದ್ದು ಹೋಗಲಿಲ್ಲ ಮಗ. ಕಂದಿಕೆರೆ ಊರೊಳಗೆ ಫೋನು ಸಿಗುತ್ತದೆ, ಅಲ್ಲಿ ನನಗೆ ಪರಿಚಯದವರಿದ್ದರು, ಒಬ್ಬರಿಗೆ ಫೋನು ಮಾಡಿ ರಸ್ತೆಯುದ್ದ ನೋಡಿಕೊಂಡು ಬನ್ನಿ ಎನ್ನಬಹುದಿತ್ತು. ಕೇಬಲ್ಲೇ ಇರಬೇಕು ಅಂದುಕೊಂಡೆ. ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಮೈಕಿನಲ್ಲಿ ಅವನನ್ನು ಬೈದೆ. "ಎಷ್ಟು ಸಲ ಹೇಳಬೇಕು ನಿನಗೆ? ಬುದ್ಧಿ ಇಲ್ವೇನಪ್ಪ? ಮನೆಗೆ ಹೋಗು, ನಿಸರ್ಗ ಕಾಯ್ತಿರ್ತಾಳೆ" ಅಂದೆ.

ನನ್ನ ಕಂಬ ಎತ್ತರ, ಸೆಟ್ಟೂ ದೊಡ್ಡದು. ಅವನ ಮಾತು ನನಗೆ ಬಾರದಿದ್ದರೂ ನನ್ನದು ಅವನಿಗೆ ಕೇಳಿಸಿರಬಹುದು. ಕೇಳಿಸಿದ್ದರೆ ಕೊನೆಗೆ ಅವನ ಕಿವಿಗೆ ಬಿದ್ದದ್ದು ನನ್ನ ಬೈಗುಳ.

ನಿನ್ನನ್ನು ಕಾಪಾಡಲೆಂದು ಸುಳ್ಳು ಹೇಳಿದೆ ಎಂದುಕೊಂಡಿದ್ದೀಯ. ಅದು ಅರ್ಧ. ಮಲಗಿದ್ದೆ ಎನ್ನುವುದು ಇದನ್ನು ಹೇಳುವುದಕ್ಕಿಂತ ಸುಲಭವಾಗಿತ್ತು.

ಆ ದಿನದಿಂದ ಸೆಟ್ಟು ಹಾಕಿಲ್ಲ.

ಅಪ್ಪ


ದಬ್ಬೇಘಟ್ಟ
10 ಆಗಸ್ಟ್ 2025

ಅಪ್ಪ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಮೊದಲು ಅತ್ತೆಗೆ ಹೇಳಿದೆ. ಅವರ ಮಗ, ಅವರಿಗೆ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ಅಂಗಳದಲ್ಲಿ ಕೊಬ್ಬರಿ ಹೋಳು ಬಿಸಿಲಿಗೆ ಹರವುತ್ತಿದ್ದರು. ತೂತು, ಬಾಗಿಲು, ಟೇಪು, ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ಹೋಳು ಮುಗಿದ ಮೇಲೂ ಖಾಲಿ ನೆಲವನ್ನು ಕೈಯಲ್ಲಿ ಸವರುತ್ತಿದ್ದರು. ಎರಡು ದಿನ ನಾನು ಬಡಿಸಿದ್ದನ್ನು ಉಣ್ಣಲಿಲ್ಲ. ತವರಿಗೆ ಹೋಗು ಅನ್ನುತ್ತಾರೆಂದು ಬಟ್ಟೆ ಮಡಚಿಟ್ಟುಕೊಂಡೆ. ಮೂರನೆಯ ದಿನ ಬಂದು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡರು. "ಕಣ್ಣು ನೋಡ್ಕೋ ಕನ್ನಡೀಲಿ, ದೆವ್ವ ಬಡ್ದೋಳಂಗೆ ಆಗಿದೀಯ. ಹೋಗ್ ಮಲ್ಗು. ಇದು ಉಸಿರಾಡ್ತೈತೋ ಇಲ್ವೋ ನಾನ್ ನೋಡ್ಕತೀನಿ" ಅಂದರು. ನಾಲ್ಕು ಗಂಟೆ ಮಲಗಿದೆ. ಎದ್ದಾಗ ಮೊದಲ ಸಲ ಜೋರಾಗಿ ಅತ್ತುಬಿಟ್ಟೆ. ಅವರೂ ಅತ್ತರು. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಗೊತ್ತಿಲ್ಲ, ಕೇಳುವ ಧೈರ್ಯವಿಲ್ಲ.

ನೀವು ಬರೆದದ್ದನ್ನು ಓದಿ ಸಿಟ್ಟು ಬರಲಿ ಎಂದು ಕಾದೆ. ಒಂದು ದಿನ ಬಂತು ಕೂಡ. ಒಂದು ಫೋನು ಮಾಡಿದ್ದರೆ ಎಂದು ದಿನವಿಡೀ ಪಾತ್ರೆ ಎತ್ತಿ ಎತ್ತಿ ಕುಕ್ಕಿದೆ. ಮಾರನೆಯ ದಿನಕ್ಕೆ ಆ ಸಿಟ್ಟು ಉಳಿಯಲಿಲ್ಲ. ಒಂದು ತೂತಿಗೆ ಹೆದರಿದವಳು, ಫೋನು ಮಾಡದವರನ್ನು ಎಷ್ಟು ದಿನ ಬೈಯಬಲ್ಲಳು?

ನಿಮ್ಮ ದನಿ ಅವರಿಗೆ ಕೇಳಿಸಿತ್ತು ಎಂದೇ ನಾನು ನಂಬುತ್ತೇನೆ. ಬೈಗುಳ ಅಂದಿರಿ. ನೀವು ಬೈದರೆ ಅವರು ಮನೆಗೆ ಬಂದು ನಿಮ್ಮ ಹಾಗೇ ಅಣಕಿಸಿ ತೋರಿಸುತ್ತಿದ್ದರು, "ಬುದ್ಧಿ ಇಲ್ವೇನಪ್ಪ" ಎಂದು ಮೂಗಿನಲ್ಲಿ. ಮೊದಲು ಅತ್ತೆ ನಗುತ್ತಿದ್ದರು, ಆಮೇಲೆ ನಾನು. ಆ ಗುಡ್ಡದಲ್ಲಿ, ಆ ಹೊತ್ತಿನಲ್ಲಿ, ಅವರಿಗೆ ಗುರುತಿನ ದನಿಯೊಂದು ನನ್ನ ಹೆಸರು ಹೇಳಿತು. ಇಷ್ಟನ್ನು ನಂಬದಿದ್ದರೆ ನಾನು ಈ ಮಗುವನ್ನು ಬೆಳೆಸಲಾರೆ.

ಆಣೆಯ ವಿಷಯ. ಅದನ್ನು ನೆನೆದರೆ ಈಗಲೂ ಎದ್ದು ಹೋಗಿ ಮಗುವಿನ ಹಣೆ ಮುಟ್ಟಿ ನೋಡುತ್ತೇನೆ. ಮಗುವಿನ ಮೇಲೆ ಹಾಕಿದ್ದು. ಮುರಿದ ಮಾರನೆಯ ದಿನ ಅದಕ್ಕೆ ಸೀನು ಬಂದರೂ ನಾನು ಸತ್ತುಹೋಗುತ್ತೇನೆ. ತಪ್ಪುಕಾಣಿಕೆ ಕಟ್ಟಿಡುತ್ತೇನೆ ಎಂದು ಅತ್ತೆಗೆ ಅಂದೆ. "ದೇವ್ರಿಗೇನು ಬೇರೆ ಕೆಲ್ಸ ಇಲ್ವಾ, ನೀನು ಅಂದಿದ್ದನ್ನೆಲ್ಲ ನೆನಪಿಟ್ಕಳಕ್ಕೆ?" ಅಂದರು. ನನಗೆ ಹಾಗೆ ಅನ್ನಲು ಬರುವುದಿಲ್ಲ. ಹೆದರಿಕೆ ಹೋಗಿಲ್ಲ ಅಪ್ಪ, ಹೋಗುವುದೂ ಇಲ್ಲ. ಆದರೆ ಆ ಹೆದರಿಕೆಯ ಮಾತನ್ನು ಒಮ್ಮೆ ಕೇಳಿ ಅವರನ್ನು ಕಳೆದುಕೊಂಡೆ. ಎರಡನೆಯ ಸಲ ಕೇಳಿ ನಿಮ್ಮನ್ನು ಕಳೆದುಕೊಳ್ಳಲಾರೆ.

ಗುರುವಾರ ಅಮ್ಮನ ಜೊತೆ ಬನ್ನಿ. ಬೆಳಗಿನ ಬಸ್ಸಿಗೇ. ಏನು ಮಾತಾಡಬೇಕೆಂದು ಬಸ್ಸಿನಲ್ಲಿ ಯೋಚಿಸಬೇಡಿ, ನಾನೂ ಯೋಚಿಸಿಲ್ಲ. ಒಳಗೆ ಒಮ್ಮೆಗೇ ಬರಬೇಡಿ. ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕರೆಯಿರಿ. ಮೊದಲ ಸಲಕ್ಕೆ ದನಿ ಬರದೇ ಹೋಗಬಹುದು, ಇನ್ನೊಮ್ಮೆ ಕರೆಯಿರಿ. ಮಗು ನನ್ನ ತೋಳಿನಲ್ಲೇ ಇರುತ್ತದೆ.

ನಾನು ಓ ಅನ್ನುತ್ತೇನೆ.

ನಿಮ್ಮ
ನಿಸರ್ಗ